ಬಳ್ಳಿಯ ಫಲ, ಕೈಗಳ ದುಡಿಮೆ

ಪ್ರತಿ ಭಾನುವಾರ ದಿವ್ಯ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವಾಗ ಗುರುಗಳು ಹೇಳುವ ಪ್ರಾರ್ಥನೆಯನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ದ್ರಾಕ್ಷಾರಸವನ್ನು ಎರಡು ರೀತಿಯಲ್ಲಿ ಕರೆಯಲಾಗುತ್ತದೆ. ಒಂದು, ಅದು ಬಳ್ಳಿಯ ಫಲ. ಇನ್ನೊಂದು, ಅದು ಮನುಷ್ಯರ ಕೈಗಳ ದುಡಿಮೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, 'ದೇವರಿಗೆ ಸ್ತುತಿಯಾಗಲಿ' ಎಂಬ ಭಾವದಿಂದ ಸಭೆ ಉತ್ತರಿಸುತ್ತದೆ, ಪೂಜೆ ಮುಂದುವರಿಯುತ್ತದೆ. ಆದರೆ ಒಂದು ಕ್ಷಣ ನಿಂತು ಯೋಚಿಸಿದ್ದೇವೆಯೇ? ಆ ಪಾತ್ರೆಯೊಳಗಿನ ರಸದಲ್ಲಿ ಬಳ್ಳಿಯ ಪಾಲೆಷ್ಟು, ಮನುಷ್ಯನ ಕೈಯ ಪಾಲೆಷ್ಟು?

ಇದು ಕೇವಲ ಪಂಡಿತರ ಪ್ರಶ್ನೆಯಲ್ಲ. ಇಂದು ಅಂಗಡಿಯಲ್ಲಿ ಸಿಗುವ ಬಹಳಷ್ಟು ಪದಾರ್ಥಗಳಲ್ಲಿ ಭೂಮಿಯ ಪಾಲು ಕಡಿಮೆ, ಕಾರ್ಖಾನೆಯ ಪಾಲು ಹೆಚ್ಚು. ದ್ರಾಕ್ಷಾರಸವೂ ಇದಕ್ಕೆ ಹೊರತಲ್ಲ. ಹೀಗಿರುವಾಗ 'ಆದಷ್ಟು ಕಡಿಮೆ ಕೈಹಾಕಿ, ರಾಸಾಯನಿಕಗಳಿಲ್ಲದೆ ಬೆಳೆದ ಹಣ್ಣಿನಿಂದ ದ್ರಾಕ್ಷಾರಸ ಮಾಡುತ್ತೇವೆ' ಎಂದು ಹೊರಟ ಕೆಲವು ಕುಟುಂಬಗಳು ಯೂರೋಪಿನಲ್ಲಿವೆ. ಅವುಗಳಲ್ಲಿ ಒಂದು ಕುಟುಂಬದ ತೋಟ ಇರುವುದು ನಮ್ಮ ಧರ್ಮಸಭೆಯ ಒಬ್ಬ ಸಂತರು ಬಾಳಿದ ಊರಿನಲ್ಲೇ. ಅವರ ಕೆಲಸವನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ, ಬಲಿಪೀಠದ ಮೇಲಿನ ಆ ಪುಟ್ಟ ಪಾತ್ರೆಯನ್ನೂ ನಮ್ಮ ಮನೆಯ ಮೇಜನ್ನೂ ನಾವು ಬೇರೆ ಕಣ್ಣಿನಿಂದ ನೋಡಬಹುದು.

ಸಂತ ಸೆವೆರಿನರ ಊರು

ಜನವರಿ 8 ಸಂತ ಸೆವೆರಿನರ ಸ್ಮರಣೆಯ ದಿನ. ಸೆವೆರಿನ್ ಎಂಬ ಹೆಸರಿನವರು ನಮ್ಮ ಕುಟುಂಬಗಳಲ್ಲಿ ಇದ್ದಾರೆ. ಆದರೆ ಈ ಸಂತರ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಐದನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ, ಡ್ಯಾನ್ಯೂಬ್ ನದಿಯ ದಂಡೆಯ ಗಡಿ ಊರುಗಳಲ್ಲಿ ಜನರು ದಾಳಿಗೂ ಹಸಿವಿಗೂ ಸಿಕ್ಕಿ ನರಳುತ್ತಿದ್ದರು. ಆಗ ಅಲ್ಲಿಗೆ ಬಂದ ಸೆವೆರಿನರು ಬಡವರಿಗೆ ಅನ್ನ ಬಟ್ಟೆ ಒದಗಿಸಿದರು, ಸೆರೆಯಾದವರನ್ನು ಬಿಡಿಸಿದರು. ನದಿ ಹೆಪ್ಪುಗಟ್ಟುವ ಚಳಿಯಲ್ಲೂ ಬರಿಗಾಲಿನಲ್ಲಿ ನಡೆದರು. ಕ್ಷಾಮದ ಕಾಲದಲ್ಲಿ ಧಾನ್ಯವನ್ನು ಬಚ್ಚಿಟ್ಟುಕೊಂಡಿದ್ದ ಒಬ್ಬ ಶ್ರೀಮಂತ ವಿಧವೆಯನ್ನು ಅವರು ಜನರ ಎದುರೇ ಗದರಿಸಿದ್ದನ್ನು ಅವರ ಶಿಷ್ಯ ಯುಜಿಪ್ಪಿಯುಸ್ 511ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಓದುತ್ತೇವೆ. ಸೆವೆರಿನರು 482ರ ಜನವರಿ 8ರಂದು ದೈವಾಧೀನರಾದರು.

ಅದೇ ಪುಸ್ತಕದಲ್ಲಿ ಒಂದು ಚಿಕ್ಕ ವಿವರ ಉಂಟು. ಜನಜಂಗುಳಿಯಿಂದ ದೂರ ಸರಿದು ಪ್ರಾರ್ಥಿಸಲು ಸೆವೆರಿನರು ಒಂದು ಏಕಾಂತ ಸ್ಥಳಕ್ಕೆ ಹೋದರು. ಆ ಸ್ಥಳದ ಲತೀನ್ ಹೆಸರು 'ಆದ್ ವೀನೆಯಾಸ್', ಅಂದರೆ 'ದ್ರಾಕ್ಷಾತೋಟಗಳ ಬಳಿ'. ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಆ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಸೆವೆರಿನರು ಮಠ ಕಟ್ಟಿದ್ದು ಫಾವಿಯಾನಿಸ್ ಎಂಬ ರೋಮನ್ ಊರಿನ ಬಳಿ. ಅದೇ ಇಂದಿನ ಆಸ್ಟ್ರಿಯಾ ದೇಶದ ಮೌಟರ್ನ್. ವಾಖೌ ಎಂಬ ಕಣಿವೆಯ ಪೂರ್ವ ತುದಿಯಲ್ಲಿ, ಕ್ರೆಮ್ಸ್ ಪಟ್ಟಣದ ಎದುರು ದಂಡೆಯಲ್ಲಿ ಈ ಊರು ಇದೆ. ಹತ್ತಿರದ ಬೆಟ್ಟದ ಮೇಲೆ 1083ರಲ್ಲಿ ಸ್ಥಾಪನೆಯಾದ ಗಟ್‌ವೈಗ್ ಬೆನೆಡಿಕ್ಟೀನ್ ಮಠ. ಕಣಿವೆಯ ಇನ್ನೊಂದು ತುದಿಯಲ್ಲಿ ಮೆಲ್ಕ್ ಮಠ. ನಡುವೆ ಕಡಿದಾದ ಗುಡ್ಡಗಳ ಮೇಲೆ ಗಾರೆಯಿಲ್ಲದ ಕಲ್ಲಿನ ಕಟ್ಟೆಗಳು, ಅವುಗಳ ಮೇಲೆ ದ್ರಾಕ್ಷಿಯ ಸಾಲುಗಳು. ಯುನೆಸ್ಕೊ ಸಂಸ್ಥೆ 2000ದಲ್ಲಿ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೌಟರ್ನ್ ಊರಿನಲ್ಲಿ ನಿಕೊಲೈಹೋಫ್ ಎಂಬ ಹಳೆಯ ಮನೆಯಿದೆ. 'ಸಂತ ನಿಕೊಲಾಸರ ಅಂಗಳದ ಮನೆ' ಎನ್ನಬಹುದು. ಪಸ್ಸೌ ನಗರದ ಸಂತ ನಿಕೊಲಾ ಮಠದವರು ತಮ್ಮ ತೋಟದ ದ್ರಾಕ್ಷಿಯನ್ನು ತಂದು ಹಿಂಡುತ್ತಿದ್ದುದು ಇಲ್ಲೇ. ಹತ್ತೊಂಬತ್ತನೇ ಶತಮಾನದ ಆದಿಯಲ್ಲಿ ಸರಕಾರಗಳು ಮಠಗಳ ಆಸ್ತಿಯನ್ನು ವಶಪಡಿಸಿಕೊಂಡ ಬಳಿಕ ಇದು ಖಾಸಗಿಯವರ ಪಾಲಾಯಿತು. 1894ರಿಂದ ಸಾಸ್ ಎಂಬ ಒಂದೇ ಕುಟುಂಬದವರು ಇದನ್ನು ನಡೆಸುತ್ತಾ ಬಂದಿದ್ದಾರೆ. ನೆಲಮಾಳಿಗೆಯ ಅಡಿಪಾಯ ರೋಮನರ ಕಾಲದ್ದು. ತೋಟ ಸುಮಾರು 20 ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಎಕರೆಯ ಆಸುಪಾಸು. ಬೆಳೆಯುವುದು ಮುಖ್ಯವಾಗಿ ಗ್ರೂನರ್ ವೆಲ್ಟ್‌ಲೀನರ್ ಮತ್ತು ರೀಸ್ಲಿಂಗ್ ಎಂಬ ಎರಡು ಬಿಳಿ ದ್ರಾಕ್ಷಿ ತಳಿಗಳು. 1971ರಲ್ಲಿ, 'ಸಾವಯವ' ಎಂಬ ಮಾತನ್ನೇ ಜನ ಕೇಳಿರದ ಕಾಲದಲ್ಲಿ, ಈ ಕುಟುಂಬ ರಾಸಾಯನಿಕ ಗೊಬ್ಬರವನ್ನೂ ಕಳೆನಾಶಕವನ್ನೂ ಬಿಟ್ಟುಬಿಟ್ಟಿತು.

ಕೆಲಸವೆಲ್ಲ ಬಳ್ಳಿಯ ಬುಡದಲ್ಲಿ

'ಕಡಿಮೆ ಕೈಹಾಕುವುದು' ಎಂದಾಗ ತೋಟದವನು ಕೈಕಟ್ಟಿ ಕೂರುತ್ತಾನೆಂದು ನಮಗೆ ಅನಿಸಬಹುದು. ಅದು ತಪ್ಪು. ನಿಜವಾಗಿ ಅವನ ದುಡಿಮೆ ಇತರರಿಗಿಂತ ಹೆಚ್ಚು. ಆದರೆ ಅದು ಮೊದಲೇ ನಡೆಯುತ್ತದೆ, ತೋಟದಲ್ಲಿ ನಡೆಯುತ್ತದೆ.

ಚಳಿಗಾಲದಲ್ಲಿ ಸವರುವ ಕೆಲಸ. ಹಿಂದಿನ ವರ್ಷ ಬೆಳೆದ ಕೊಂಬೆಗಳಲ್ಲಿ ಬಹುಪಾಲನ್ನು ಕತ್ತರಿಸಿ, ಒಂದೆರಡನ್ನು ಮಾತ್ರ ಉಳಿಸುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಪ್ರಭು ಯೇಸು ತಂದೆಯನ್ನು ತೋಟಗಾರನಿಗೆ ಹೋಲಿಸುವಾಗ ಹೇಳುವುದು ಇದನ್ನೇ. ಫಲ ಕೊಡುವ ಕೊಂಬೆಗೂ ಕತ್ತರಿ ತಪ್ಪಿದ್ದಲ್ಲ. ಸವರದೆ ಬಿಟ್ಟ ಬಳ್ಳಿ ಎಲೆಯನ್ನೇ ಹೊದ್ದು ನಿಲ್ಲುತ್ತದೆ, ಗೊಂಚಲು ಬಡವಾಗುತ್ತದೆ.

ವಸಂತ ಬಂದೊಡನೆ ರೋಗಗಳ ಭಯ. ದ್ರಾಕ್ಷಿಗೆ ಎರಡು ದೊಡ್ಡ ಶತ್ರುಗಳು: ಬೂದಿ ರೋಗ ಮತ್ತು ಎಲೆಯ ಅಡಿಯಲ್ಲಿ ಬಿಳಿ ಬೂಜು ಕಟ್ಟುವ ಡೌನಿ ರೋಗ. ಎರಡೂ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಯೂರೋಪಿಗೆ ಬಂದವು. ಡೌನಿ ರೋಗಕ್ಕೆ 1885ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮದ್ದು ಸಿಕ್ಕಿತು. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ನೀಲಿ ದ್ರಾವಣ ಅದು. ನಮ್ಮ ಕರಾವಳಿ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅವರು ಮರ ಹತ್ತಿ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ದ್ರಾಕ್ಷಾತೋಟದಲ್ಲಿ!

ಸಾವಯವ ತೋಟದಲ್ಲಿ ಗಂಧಕ ಮತ್ತು ತಾಮ್ರವನ್ನು ಹೊಡೆಯಲು ಅನುಮತಿಯಿದೆ, ಆದರೆ ಮಿತಿಯಿದೆ. ತಾಮ್ರ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಶೇಖರವಾಗಿ ಎರೆಹುಳುಗಳಿಗೆ ಕೇಡು ಮಾಡುತ್ತದೆ. ಆದ್ದರಿಂದ 2019ರಿಂದ ಯೂರೋಪ್ ಒಕ್ಕೂಟದಲ್ಲಿ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ಮೀರಬಾರದೆಂಬ ನಿಯಮವಿದೆ. ಸಾವಯವ ಎಂದ ಮಾತ್ರಕ್ಕೆ ಎಲ್ಲವೂ ನಿರ್ದೋಷಿ ಎಂದು ನಾವು ತಿಳಿಯಬಾರದು. ಒಳ್ಳೆಯ ತೋಟಗಾರ ಮದ್ದನ್ನು ನಂಬಿ ಕೂರದೆ, ಗಾಳಿ ಬೆಳಕು ಆಡುವಂತೆ ಗೊಂಚಲಿನ ಸುತ್ತಲಿನ ಎಲೆಗಳನ್ನು ಕೈಯಿಂದ ತೆಗೆಯುತ್ತಾನೆ. ಹೆಚ್ಚಾದ ಗೊಂಚಲುಗಳನ್ನು ಎಳೆಯದಿರುವಾಗಲೇ ಕೀಳುತ್ತಾನೆ. ಸಾಲುಗಳ ನಡುವೆ ದ್ವಿದಳ ಧಾನ್ಯದ ಗಿಡಗಳನ್ನೂ ಹುಲ್ಲು ಹೂಗಳನ್ನೂ ಬೆಳೆಸಿ ಮಣ್ಣಿಗೆ ಸೇರಿಸುತ್ತಾನೆ. ತುರಿಕೆ ಸೊಪ್ಪಿನಂಥ ಗಿಡಗಳ ಕಷಾಯವನ್ನು ಬಳ್ಳಿಗೆ ಸಿಂಪಡಿಸುತ್ತಾನೆ. ಕಳೆನಾಶಕವನ್ನು ಒಬ್ಬನು ಅರ್ಧ ದಿನದಲ್ಲಿ ಹೊಡೆದು ಮುಗಿಸುವಲ್ಲಿ ಇವನು ಗುದ್ದಲಿ ಹಿಡಿದು ದಿನಗಟ್ಟಲೆ ಬಾಗುತ್ತಾನೆ. ಕಡಿದಾದ ಕಟ್ಟೆಗಳ ಮೇಲೆ ಯಂತ್ರ ಏರುವುದಿಲ್ಲ. ಕೊಯ್ಲೂ ಕೈಯಿಂದಲೇ.

ನಿಕೊಲೈಹೋಫ್‌ನವರು ಅನುಸರಿಸುವ ಪದ್ಧತಿಗೆ ಬಯೋಡೈನಮಿಕ್ ಎಂದು ಹೆಸರು. ಆಸ್ಟ್ರಿಯಾ ಮೂಲದ ರುಡಾಲ್ಫ್ ಸ್ಟೈನರ್ ಎಂಬವರು 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಇದು ಬೆಳೆಯಿತು. ಹಸುವಿನ ಕೊಂಬಿನಲ್ಲಿ ಸೆಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಆಮೇಲೆ ಅದನ್ನು ನೀರಿನಲ್ಲಿ ಕದಡಿ ಹೊಲಕ್ಕೆ ಚಿಮುಕಿಸುವುದು, ಚಂದ್ರನ ಗತಿ ನೋಡಿ ಕೆಲಸ ಮಾಡುವುದು ಇದರಲ್ಲಿವೆ. ಇಲ್ಲಿ ನಾವು ವಿವೇಚನೆಯಿಂದ ನಡೆಯಬೇಕು. ಸ್ಟೈನರರ ತತ್ವಜ್ಞಾನ ನಮ್ಮ ವಿಶ್ವಾಸದ ಬೋಧನೆಯಲ್ಲ. ಕೊಂಬಿನ ಗೊಬ್ಬರಕ್ಕೆ ವಿಶೇಷ ಶಕ್ತಿಯಿದೆ ಎಂಬುದಕ್ಕೆ ವಿಜ್ಞಾನದ ಗಟ್ಟಿಯಾದ ಆಧಾರವೂ ಇಲ್ಲ. ಆದರೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಸಿರು ಹೊದಿಕೆ, ಬಳ್ಳಿಯಿಂದ ಬಳ್ಳಿಗೆ ದಿನನಿತ್ಯ ನಡೆದು ನೋಡುವ ಕಣ್ಣು, ಇವುಗಳಿಂದ ಮಣ್ಣಿಗೆ ಒಳಿತಾಗುತ್ತದೆ. ಕಾಳನ್ನು ತೆಗೆದುಕೊಂಡು ಜೊಳ್ಳನ್ನು ತೂರಿಬಿಡುವುದು ರೈತರಿಗೆ ಗೊತ್ತಿರುವ ಕೆಲಸವೇ.

ನೆಲಮಾಳಿಗೆಯ ತಾಳ್ಮೆ

ಹಣ್ಣು ಕೊಯ್ದ ಮೇಲೆ ನಿಜವಾದ ಪರೀಕ್ಷೆ. ಕೆಂಪು ದ್ರಾಕ್ಷಾರಸಕ್ಕಿಂತ ಬಿಳಿಯದನ್ನು ಕಡಿಮೆ ಕೈಹಾಕಿ ಮಾಡುವುದು ಕಷ್ಟ. ಏಕೆ? ದ್ರಾಕ್ಷಿಯ ಬಣ್ಣವೂ ಒಗರೂ ಇರುವುದು ಸಿಪ್ಪೆ ಬೀಜಗಳಲ್ಲಿ. ಕೆಂಪು ದ್ರಾಕ್ಷಾರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಆ ಒಗರು ರಸವನ್ನು ಗಾಳಿಯಿಂದ ಕಾಪಾಡುತ್ತದೆ. ಬಿಳಿಯದಕ್ಕೆ ಹಾಗಲ್ಲ. ಹಣ್ಣನ್ನು ಕೂಡಲೇ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ. ಉಳಿಯುವುದು ಬರಿಯ ರಸ, ಅದಕ್ಕೆ ರಕ್ಷಣೆ ಇಲ್ಲ. ಬದನೆಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿ ನೀರಿಗೆ ಹಾಕದೆ ಹಾಗೇ ಬಿಟ್ಟರೆ ಕಂದಾಗುವುದನ್ನು ನಮ್ಮ ತಾಯಂದಿರು ಬಲ್ಲರು. ಬಿಳಿ ದ್ರಾಕ್ಷಾರಸಕ್ಕೂ ಗಾಳಿ ತಗಲಿದರೆ ಅದೇ ಗತಿ.

ಅದಕ್ಕಾಗಿಯೇ ಗಂಧಕದ ಡೈಆಕ್ಸೈಡನ್ನು ಸೇರಿಸುವ ರೂಢಿ ಬಂತು. ಯೂರೋಪಿನಲ್ಲಿ ಸಿಹಿಯಿಲ್ಲದ ಸಾಮಾನ್ಯ ಬಿಳಿ ವೈನಿನಲ್ಲಿ ಲೀಟರಿಗೆ 200 ಮಿಲಿಗ್ರಾಂವರೆಗೆ ಇದು ಇರಬಹುದು. ಸಾವಯವ ವೈನಿಗೆ 2012ರ ನಿಯಮದಂತೆ 150 ಮಿಲಿಗ್ರಾಂ. ಫ್ರಾನ್ಸಿನಲ್ಲಿ 2020ರಲ್ಲಿ ಒಪ್ಪಿಗೆಯಾದ 'ಸಹಜ ಪದ್ಧತಿಯ ವೈನ್' ನಿಯಮಾವಳಿ ಇನ್ನೂ ಬಿಗಿ. ಅಲ್ಲಿ 30 ಮಿಲಿಗ್ರಾಂ ಮೀರುವಂತಿಲ್ಲ, ಹಣ್ಣು ಸಾವಯವವೇ ಆಗಿರಬೇಕು, ಕೈಯಿಂದಲೇ ಕೊಯ್ದಿರಬೇಕು.

ಇನ್ನು ಹುಳಿಸುವಿಕೆ. ನಮ್ಮ ಮನೆಗಳಲ್ಲಿ ಇಡ್ಲಿ ಹಿಟ್ಟು ರುಬ್ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತಾನಾಗಿ ಉಬ್ಬುತ್ತದೆ. ನಾವು ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ದ್ರಾಕ್ಷಿಯೂ ಹಾಗೆಯೇ. ಸಿಪ್ಪೆಯ ಮೇಲೂ ನೆಲಮಾಳಿಗೆಯಲ್ಲೂ ಇರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತವೆ. ದೊಡ್ಡ ಕಾರ್ಖಾನೆ ಇದನ್ನು ನಂಬುವುದಿಲ್ಲ. ಪೊಟ್ಟಣದ ಯೀಸ್ಟ್ ಹಾಕಿ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಹುಳಿ ಕಡಿಮೆಯಾದರೆ ಹುಳಿ, ಸಕ್ಕರೆ ಕಡಿಮೆಯಾದರೆ ಕೆಲವು ಪ್ರದೇಶಗಳಲ್ಲಿ ಸಕ್ಕರೆ, ತಿಳಿಯಾಗಿಸಲು ಮೊಟ್ಟೆಯ ಬಿಳಿ, ಜೆಲಾಟಿನ್, ಮೀನಿನಿಂದ ತೆಗೆದ ಅಂಟು, ಒಂದು ಬಗೆಯ ಜೇಡಿಮಣ್ಣು, ಇವೆಲ್ಲಕ್ಕೂ ಕಾನೂನಿನ ಅನುಮತಿ ಉಂಟು. ತಿಳಿಯಾಗಿಸಲು ಹಾಕಿದ್ದರಲ್ಲಿ ಹೆಚ್ಚಿನದು ಕೊನೆಗೆ ಸೋಸಿ ಹೋಗುತ್ತದೆ. 2023ರ ಡಿಸೆಂಬರ್ ನಂತರ ತಯಾರಾದ ವೈನಿಗೆ ಯೂರೋಪಿನಲ್ಲಿ ಸೇರಿಸಿದ ಪದಾರ್ಥಗಳ ಪಟ್ಟಿ ಕೊಡುವುದು ಕಡ್ಡಾಯವಾಗಿದೆ. ಅದಕ್ಕೆ ಮೊದಲು ಬಿಸ್ಕತ್ತಿನ ಪೊಟ್ಟಣಕ್ಕಿದ್ದ ಈ ನಿಯಮ ವೈನಿನ ಬಾಟಲಿಗೆ ಇರಲಿಲ್ಲ!

ನಿಕೊಲೈಹೋಫ್‌ನಂಥ ಮನೆಯಲ್ಲಿ ಪದ್ಧತಿ ಬೇರೆ. ರಸ ತಣ್ಣನೆಯ ನೆಲಮಾಳಿಗೆಯಲ್ಲಿ, ದೊಡ್ಡ ದೊಡ್ಡ ಹಳೆಯ ಓಕ್ ಮರದ ಪೀಪಾಯಿಗಳಲ್ಲಿ, ತನ್ನದೇ ಯೀಸ್ಟಿನಿಂದ ನಿಧಾನವಾಗಿ ಹುಳಿಯುತ್ತದೆ. ಪೀಪಾಯಿ ಹಳೆಯದಾದ್ದರಿಂದ ಮರದ ವಾಸನೆ ಹತ್ತುವುದಿಲ್ಲ. ತಳದಲ್ಲಿ ಕೂತ ಗಸಿಯನ್ನು ಕೂಡಲೇ ತೆಗೆದುಬಿಡದೆ ಅದರ ಮೇಲೆಯೇ ದ್ರಾಕ್ಷಾರಸವನ್ನು ತಿಂಗಳುಗಟ್ಟಲೆ ಬಿಡುತ್ತಾರೆ. ಗಸಿ ಗಾಳಿಯನ್ನು ಹೀರಿ ರಸವನ್ನು ಕಾಯುತ್ತದೆ. ಬಿಳಿ ದ್ರಾಕ್ಷಾರಸಕ್ಕೆ ಸಿಪ್ಪೆ ಕೊಡದ ರಕ್ಷಣೆಯನ್ನು ಇದು ಸ್ವಲ್ಪ ಮಟ್ಟಿಗೆ ಕೊಡುತ್ತದೆ. ಪ್ರವಾದಿ ಯೆಶಾಯ 25ನೇ ಅಧ್ಯಾಯದಲ್ಲಿ ಸರ್ವೇಶ್ವರ ಎಲ್ಲ ಜನಾಂಗಗಳಿಗೆ ಬೆಟ್ಟದ ಮೇಲೆ ಬಡಿಸುವ ಔತಣವನ್ನು ವರ್ಣಿಸುವಾಗ ಹೇಳುವುದು ಗಸಿಯ ಮೇಲೆ ನಿಂತು ಹಳೆಯದಾಗಿ ತಿಳಿಯಾದ ದ್ರಾಕ್ಷಾರಸವನ್ನೇ ಎಂಬುದು ಇಲ್ಲಿ ನೆನಪಾಗುತ್ತದೆ.

ಈ ಮನೆಯವರ ತಾಳ್ಮೆಗೆ ಒಂದು ಉದಾಹರಣೆ ಸಾಕು. 1995ರ ಕೊಯ್ಲಿನ ರೀಸ್ಲಿಂಗ್ ರಸದ ಒಂದು ಭಾಗವನ್ನು ಅವರು ಪೀಪಾಯಿಯಲ್ಲೇ ಬಿಟ್ಟರು. ಬಾಟಲಿಗೆ ತುಂಬಿದ್ದು 2012ರಲ್ಲಿ. ಹದಿನೇಳು ವರ್ಷ! ಹುಟ್ಟಿದ ಮಗು ಪಿ.ಯು.ಸಿ. ಮುಗಿಸುವಷ್ಟು ಕಾಲ. ಆ ಬಾಟಲಿಗೆ ಅಮೆರಿಕದ ಹೆಸರಾಂತ ವೈನ್ ವಿಮರ್ಶಾ ಪತ್ರಿಕೆಯೊಂದು ನೂರಕ್ಕೆ ನೂರು ಅಂಕ ಕೊಟ್ಟಿತು. ಆದರೆ ಅಂಕಕ್ಕಿಂತ ನಮಗೆ ಮುಖ್ಯವಾದುದು ಇನ್ನೊಂದು. ಹದಿನೇಳು ವರ್ಷ ಆ ಪೀಪಾಯಿಯಿಂದ ಒಂದು ಪೈಸೆ ಆದಾಯವಿಲ್ಲದೆ ಮನೆ ನಡೆದಿರಬೇಕಲ್ಲವೇ?

1985ರ ಪಾಠ

ಆತುರ ಏನು ಮಾಡೀತು ಎಂಬುದನ್ನೂ ಇದೇ ದೇಶ ಕಂಡಿದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಅಗ್ಗದ ಸಿಹಿ ಬಿಳಿ ವೈನಿಗೆ ಪಕ್ಕದ ಜರ್ಮನಿಯಲ್ಲಿ ಭಾರೀ ಬೇಡಿಕೆಯಿತ್ತು. ಚೆನ್ನಾಗಿ ಕಳಿತ ಹಣ್ಣಿನಿಂದ ಮಾತ್ರ ಬರುವ ಆ ಸಿಹಿ, ಆ ಮೈತುಂಬಿದ ರುಚಿ ಎಲ್ಲ ವರ್ಷವೂ ಬರುವುದಿಲ್ಲ. ಆದರೆ ಒಪ್ಪಂದದಂತೆ ಸರಕು ಕಳಿಸಲೇಬೇಕು. ಆಗ ಕೆಲವು ವ್ಯಾಪಾರಿಗಳು ತೆಳುವಾದ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕವನ್ನು ಬೆರೆಸಿದರು. ಕಾರ್ಖಾನೆಗಳಲ್ಲಿ ಬಳಸುವ ಪದಾರ್ಥ ಅದು. ನಾಲಿಗೆಗೆ ಸಿಹಿ, ಮೂತ್ರಪಿಂಡಗಳಿಗೆ ಮಾರಕ.

1985ರಲ್ಲಿ ವಿಷಯ ಬಯಲಾಯಿತು. ಲಕ್ಷಾಂತರ ಲೀಟರ್ ವೈನನ್ನು ನಾಶಮಾಡಬೇಕಾಯಿತು. ಹಲವರು ಸೆರೆಮನೆ ಸೇರಿದರು. ಆಸ್ಟ್ರಿಯಾದ ವೈನ್ ರಫ್ತು ಹತ್ತನೇ ಒಂದು ಭಾಗದಷ್ಟಕ್ಕೆ ಕುಸಿಯಿತು. ಬೆರಕೆ ಮಾಡಿದವರು ಕೆಲವರು, ಆದರೆ ಪೆಟ್ಟು ತಿಂದವರು ಎಲ್ಲರೂ. ಯಾವ ತಪ್ಪೂ ಮಾಡದ ಸಣ್ಣ ಬೆಳೆಗಾರರ ಬಾಟಲಿಯನ್ನೂ ಜನ ಮುಟ್ಟಲಿಲ್ಲ. ಅದೇ ವರ್ಷ ಆ ದೇಶ ಅತ್ಯಂತ ಕಟ್ಟುನಿಟ್ಟಾದ ವೈನ್ ಕಾನೂನನ್ನು ತಂದಿತು. ಮುಂದಿನ ದಶಕಗಳಲ್ಲಿ ಆಸ್ಟ್ರಿಯಾದ ದ್ರಾಕ್ಷಾರಸಕ್ಕೆ ಮತ್ತೆ ಗೌರವ ತಂದುಕೊಟ್ಟವರಲ್ಲಿ ಮೊದಲಿಂದಲೂ ಶುದ್ಧವಾಗಿ ದುಡಿದ ಇಂಥ ಕುಟುಂಬಗಳೂ ಇದ್ದವು.

ಈ ಕಥೆಯಿಂದ ನಾವು ತಿಳಿಯಬೇಕಾದುದು ಇಷ್ಟೇ. ಶುದ್ಧತೆಯನ್ನು ಕೊನೆಯಲ್ಲಿ ಬೆರೆಸಲು ಆಗುವುದಿಲ್ಲ. ಅದು ಬೇರಿನಿಂದ ಬರಬೇಕು. ಬೇರಿನಲ್ಲಿ ಇಲ್ಲದ್ದನ್ನು ಬಾಟಲಿಯಲ್ಲಿ ತೋರಿಸಲು ಹೊರಟಾಗಲೇ ಬೆರಕೆ ಹುಟ್ಟುತ್ತದೆ.

ಕುಟುಂಬ ತೆರುವ ಬೆಲೆ

ಸಾವಯವಕ್ಕೆ ತಿರುಗುವ ಬೆಳೆಗಾರ ಯೂರೋಪಿನ ನಿಯಮದಂತೆ ಮೂರು ವರ್ಷ ಕಾಯಬೇಕು. ಆ ಅವಧಿಯಲ್ಲಿ ಖರ್ಚು ಸಾವಯವದ್ದು, ಬೆಲೆ ಸಾಮಾನ್ಯದ್ದು. ಇಳುವರಿ ಕಡಿಮೆ, ಕೂಲಿ ಹೆಚ್ಚು. ಮಳೆ ಬಿಡದೆ ಹಿಡಿದ ವರ್ಷ ಡೌನಿ ರೋಗಕ್ಕೆ ಬಲವಾದ ಮದ್ದಿಲ್ಲ. ಪೀಪಾಯಿಯಲ್ಲಿ ಹುಳಿಸುವಿಕೆ ಅರ್ಧಕ್ಕೇ ನಿಂತರೆ ಪೊಟ್ಟಣದ ಯೀಸ್ಟ್ ಹಾಕಿ ಎಬ್ಬಿಸುವಂತಿಲ್ಲ, ಕಾಯಬೇಕು. ವಿನೆಗರ್ ಆಗಿಬಿಟ್ಟರೆ ನಷ್ಟ ಮನೆಯವರದ್ದೇ.

ಇಂಥ ಅನಿಶ್ಚಯದ ನಡುವೆ ಬದುಕುವ ಆ ಸೀಮೆಯ ಜನರು ತೋಟದ ವರ್ಷವನ್ನು ಧರ್ಮಸಭೆಯ ವರ್ಷದೊಂದಿಗೆ ಹೆಣೆದುಕೊಂಡದ್ದು ಆಶ್ಚರ್ಯವಲ್ಲ. ಮೇ 12ರಿಂದ 15ರವರೆಗೆ ಬರುವ ಸಂತ ಪಂಕ್ರಾಸ್, ಸೆರ್ವಾಸ್, ಬೊನಿಫಾಸ್ ಮತ್ತು ಸೋಫಿಯಾರ ದಿನಗಳನ್ನು ಅಲ್ಲಿ 'ಹಿಮದ ಸಂತರು' ಎನ್ನುತ್ತಾರೆ. ಆ ನಾಲ್ಕು ದಿನ ಕಳೆಯುವವರೆಗೆ ಎಳೆಯ ಚಿಗುರನ್ನು ರಾತ್ರಿಯ ಹಿಮ ಸುಟ್ಟೀತೆಂಬ ಭಯ. ಹಿಮ ಬೀಳುವ ರಾತ್ರಿ ಮನೆಮಂದಿಯೆಲ್ಲ ತೋಟದಲ್ಲಿ ಬೆಂಕಿ ಹಾಕಿ ಕಾಯುವುದೂ ಉಂಟು. ಮೇ 25 ದ್ರಾಕ್ಷಿ ಬೆಳೆಗಾರರ ಪಾಲಕ ಸಂತ ಊರ್ಬನರ ದಿನ. ನವೆಂಬರ್ 11ರ ಸಂತ ಮಾರ್ಟೀನರ ಹಬ್ಬಕ್ಕೆ ಹೊಸ ದ್ರಾಕ್ಷಾರಸದ ರುಚಿ ನೋಡುತ್ತಾರೆ. ಕ್ರಿಸ್ಮಸ್ ಕಳೆದು ಡಿಸೆಂಬರ್ 27ರಂದು ಸಂತ ಯೊವಾನ್ನರ ಹಬ್ಬದಲ್ಲಿ ಗುರುಗಳು ದ್ರಾಕ್ಷಾರಸವನ್ನು ಆಶೀರ್ವದಿಸುತ್ತಾರೆ. ವಿಷ ಬೆರೆಸಿ ಕೊಟ್ಟ ಪಾತ್ರೆಯಿಂದ ಕುಡಿದರೂ ಆ ಪ್ರೇಷಿತರಿಗೆ ಕೇಡಾಗಲಿಲ್ಲವೆಂಬ ಹಳೆಯ ನಂಬಿಕೆ ಇದರ ಹಿಂದಿದೆ. ಬೆರಕೆಯ ಪಾನದ ಬಗ್ಗೆ ಮನುಷ್ಯರ ಭಯ ಎಷ್ಟು ಹಳೆಯದು, ನೋಡಿ!

ಬಲಿಪೂಜೆಗೆ ಎಂಥ ದ್ರಾಕ್ಷಾರಸ?

ಇಷ್ಟು ತಿಳಿದ ಮೇಲೆ ಧರ್ಮಸಭೆಯ ನಿಯಮ ಸುಲಭವಾಗಿ ಅರ್ಥವಾಗುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ಕಾನೂನಿನಂತೆ ಬಲಿಪೂಜೆಯ ದ್ರಾಕ್ಷಾರಸ ಸಹಜವಾದುದಾಗಿರಬೇಕು, ದ್ರಾಕ್ಷಿಯಿಂದಲೇ ಆಗಿರಬೇಕು, ಕೆಟ್ಟಿರಬಾರದು. 2004ರಲ್ಲಿ ರೋಮ್‌ನಿಂದ ಬಂದ ಸೂಚನಾಪತ್ರ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿ, ಬೇರೆ ಪದಾರ್ಥ ಬೆರೆತಿರಬಾರದು, ಹುಳಿಯಾಗದಂತೆ ಕಾಯಬೇಕು, ಶುದ್ಧತೆಯಲ್ಲಿ ಸಂಶಯವಿದ್ದರೆ ಬಳಸಲೇಬಾರದು ಎಂದಿತು. ಈಗ ರೊಟ್ಟಿ ದ್ರಾಕ್ಷಾರಸಗಳು ಅಂಗಡಿಗಳಲ್ಲೂ ಇಂಟರ್ನೆಟ್ಟಿನಲ್ಲೂ ಮಾರಾಟವಾಗುವುದರಿಂದ, ಅವುಗಳ ಶುದ್ಧತೆಯ ಮೇಲೆ ಧರ್ಮಾಧ್ಯಕ್ಷರು ಕಣ್ಣಿಡಬೇಕೆಂದು 2017ರ ಜೂನ್ 15ರ ಪತ್ರ ನೆನಪಿಸಿತು. ಕಾಪಾಡಿಡಲು ದ್ರಾಕ್ಷಿಯಿಂದಲೇ ತೆಗೆದ ಮದ್ಯಸಾರವನ್ನು ಮಿತಿಯಲ್ಲಿ ಸೇರಿಸಲು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೋಮ್ ಅನುಮತಿ ನೀಡಿತ್ತು. ಹಸಿ ಹಣ್ಣು ಸಿಗದ ಕಡೆ ಒಣದ್ರಾಕ್ಷಿಯಿಂದ ಮಾಡಿದ ವೈನಿಗೂ ಅವಕಾಶವಿದೆ. ಆದರೆ ಬಳ್ಳಿಯ ಹೊರಗಿನದಕ್ಕೆ ಅಲ್ಲಿ ಸ್ಥಳವಿಲ್ಲ.

ಬಿಳಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. ಕೆಂಪೂ ಸಲ್ಲುತ್ತದೆ. ಪಾತ್ರೆ ಒರೆಸುವ ಬಿಳಿಯ ವಸ್ತ್ರಗಳ ಮೇಲೆ ಕಲೆ ಉಳಿಯಬಾರದೆಂದು ಹಲವು ಕಡೆ ಬಿಳಿಯದನ್ನು ಬಳಸುತ್ತಾರೆ, ಅಷ್ಟೆ.

'ಫಾದರ್, ನಮ್ಮ ಮನೆಯ ಕ್ರಿಸ್ಮಸ್ ವೈನ್ ಪೂಜೆಗೆ ಆದೀತೇ?' ಎಂದು ಕೇಳುವವರಿದ್ದಾರೆ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹಿಚುಕಿ, ಸಕ್ಕರೆ, ಗೋಧಿ, ಯೀಸ್ಟ್ ಹಾಕಿ ಭರಣಿಯಲ್ಲಿ ಇಟ್ಟು, ಬಣ್ಣಕ್ಕೆ ಸುಟ್ಟ ಸಕ್ಕರೆ ಸೇರಿಸುವ ನಮ್ಮ ಅಜ್ಜಿಯರ ಪದ್ಧತಿ ಪ್ರೀತಿಯದು. ಹಬ್ಬದ ದಿನ ಕೇಕಿನ ಜೊತೆ ಒಂದು ಚಿಕ್ಕ ಲೋಟ ಕೊಡುವ ಆ ಆದರಕ್ಕೆ ಬೆಲೆಯಿದೆ. ಆದರೆ ಮೇಲಿನ ನಿಯಮವನ್ನು ಓದಿದವರಿಗೆ ಉತ್ತರ ಸಿಕ್ಕಿದೆ. ಅದು ಪೂಜೆಗೆ ಸಲ್ಲದು. ಬಳ್ಳಿಯ ಫಲಕ್ಕಿಂತ ಭರಣಿಗೆ ಸುರಿದದ್ದೇ ಅದರಲ್ಲಿ ಹೆಚ್ಚು.

ನಮ್ಮ ಮನೆಗಳಿಗೆ ಒಂದು ಮಾತು

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ಣವಾಗದು. ಸಾವಯವ ಎಂಬ ಚೀಟಿ ಆಲ್ಕೋಹಾಲನ್ನು ಕಡಿಮೆ ಮಾಡುವುದಿಲ್ಲ. ಸಾವಯವ ವೈನಿನಲ್ಲೂ ಶೇಕಡಾ 12, 13ರಷ್ಟು ಅದು ಇದ್ದೇ ಇರುತ್ತದೆ. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ಕಾಯಿಲೆಗೆಂದು ಸ್ವಲ್ಪ ದ್ರಾಕ್ಷಾರಸ ಸೇವಿಸಲು ಬರೆದದ್ದನ್ನು ಬಾಯಿಪಾಠ ಮಾಡಿಕೊಂಡವರು ಸಿರಾಖನ ಗ್ರಂಥದ 31ನೇ ಅಧ್ಯಾಯವನ್ನೂ ಓದಬೇಕು. ಮಿತಿಯಲ್ಲಿ ಹರುಷ ತರುವುದೇ ಮಿತಿ ಮೀರಿದಾಗ ಜಗಳವನ್ನೂ ನೋವನ್ನೂ ತರುತ್ತದೆಂದು ಅಲ್ಲಿ ಬರೆದಿದೆ. ಕುಡಿತದಿಂದ ಸಂಬಳ ಕರಗಿ, ಮಕ್ಕಳ ಫೀಸು ನಿಂತು, ತಾಯಂದಿರು ಕಣ್ಣೀರಿಡುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಅಂಥ ಮನೆಗಳಲ್ಲಿ ಹಬ್ಬದ ದಿನವೂ ಭರಣಿ ಬೇಡ. ಅದರಿಂದ ಹಬ್ಬಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಧರ್ಮಸಭೆಯೇ ಇದಕ್ಕೆ ಮಾದರಿ. ಕುಡಿತದ ಕಾಯಿಲೆಯಿಂದ ಬಳಲುವ ಗುರುಗಳು, ಧರ್ಮಾಧ್ಯಕ್ಷರ ಅನುಮತಿ ಪಡೆದು, ಸಾಮಾನ್ಯ ದ್ರಾಕ್ಷಾರಸದ ಬದಲು ಹುಳಿಯದ ತಾಜಾ ದ್ರಾಕ್ಷಿ ರಸದಿಂದ ಬಲಿಪೂಜೆ ಅರ್ಪಿಸಬಹುದೆಂದು 2003ರಲ್ಲಿ ರೋಮ್ ತಿಳಿಸಿತು. ಬಲಿಪೀಠದ ಬಳಿಯೂ ಬಲಹೀನನಿಗೆ ಸ್ಥಳ ಮಾಡಿಕೊಡುವುದು ತಾಯಿಯ ಹೃದಯ.

ಹಾಗಾದರೆ ಡ್ಯಾನ್ಯೂಬ್ ದಂಡೆಯ ಆ ಕುಟುಂಬದಿಂದ ನಾವು ಪಡೆಯುವುದೇನು? ಅವರ ಬಾಟಲಿಯಲ್ಲ. ಅದು ನಮ್ಮ ಕೈಗೆ ಎಟುಕುವುದೂ ಇಲ್ಲ. ಪಡೆಯಬೇಕಾದುದು ಅವರ ಕೆಲಸದ ಕ್ರಮ. ಮೊದಲು ಮಣ್ಣನ್ನು ನೋಡಿಕೊಳ್ಳುವುದು, ಸವರುವ ಕಾಲದಲ್ಲಿ ಸವರುವುದು, ರೋಗ ಬರುವ ಮುನ್ನ ಗಾಳಿ ಬೆಳಕಿಗೆ ದಾರಿ ಮಾಡುವುದು, ಆಮೇಲೆ ಕೈ ತೆಗೆದು ಕಾಯುವುದು. ಮಕ್ಕಳನ್ನು ಬೆಳೆಸುವ ತಂದೆತಾಯಂದಿರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಎಳವೆಯಲ್ಲಿ ಪ್ರಾರ್ಥನೆ, ಶಿಸ್ತು, ಸತ್ಯ ನುಡಿಯುವ ಅಭ್ಯಾಸವನ್ನು ಕಲಿಸದೆ, ಮದುವೆಯ ವಯಸ್ಸಿಗೆ ಬಂದಾಗ ಉಪದೇಶವನ್ನು ಬೆರೆಸಹೊರಟರೆ ರುಚಿ ಬಂದೀತೇ? ಮೊದಲೇ ಬೇರಿಗೆ ನೀರೆರೆದ ತಂದೆತಾಯಿ ಮಕ್ಕಳು ದೊಡ್ಡವರಾದಾಗ ಪ್ರತಿ ಹೆಜ್ಜೆಗೂ ಕೈಹಾಕಬೇಕಾಗಿಲ್ಲ. ದೇವರನ್ನು ನಂಬಿ ಕಾಯಬಹುದು.

ನಮ್ಮ ರೈತ ಕುಟುಂಬಗಳಿಗೂ ಒಂದು ಮಾತು. ನಿಮ್ಮ ತೋಟದಲ್ಲಿ ದ್ರಾಕ್ಷಿ ಇಲ್ಲದಿರಬಹುದು. ಅಡಿಕೆ, ಕಾಫಿ, ತೆಂಗು, ತರಕಾರಿ ಇರಬಹುದು. ಕೊಳ್ಳುವವನು ತಿಳಿಯದ ಹಾಗೆ ಬೆರಕೆ ಮಾಡುವ, ಮಿತಿಮೀರಿ ಮದ್ದು ಹೊಡೆಯುವ ಶೋಧನೆ ಎಲ್ಲ ಬೆಳೆಗೂ ಬರುತ್ತದೆ. ಪೇಟೆಯಲ್ಲಿರುವ ನಮಗೂ ಪಾಲಿದೆ. ಶುದ್ಧವಾದುದು ಬೇಕು, ಆದರೆ ಎಲ್ಲಕ್ಕಿಂತ ಅಗ್ಗವಾಗಿ ಬೇಕು ಎಂದು ನಾವು ಹಟ ಹಿಡಿದರೆ ಬೆರಕೆ ಮಾಡುವವನಿಗೆ ದಾರಿ ತೋರಿಸಿದವರು ನಾವೇ ಆಗುತ್ತೇವೆ. ಪ್ರಾಮಾಣಿಕವಾಗಿ ಬೆಳೆದ ಸೊಪ್ಪಿಗೆ, ಹಾಲಿಗೆ, ಅಕ್ಕಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡುವುದು ದಾನವಲ್ಲ. ಅದು ಕೂಲಿ, ಬೆವರಿಗೆ ಸಲ್ಲಬೇಕಾದ ನ್ಯಾಯ.

ಪ್ರಿಯರೇ, ಮುಂದಿನ ಭಾನುವಾರ ಅರ್ಪಣೆಯ ಹೊತ್ತಿನಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಎತ್ತಿದಾಗ, ಅದರ ಹಿಂದೆ ಚಳಿಯಲ್ಲಿ ಬಳ್ಳಿ ಸವರಿದ ಕೈಗಳನ್ನೂ ಹಿಮದ ರಾತ್ರಿ ನಿದ್ದೆಗೆಟ್ಟ ಕಣ್ಣುಗಳನ್ನೂ ನೆನೆಯೋಣ. ನಮ್ಮ ವಾರದ ದುಡಿಮೆಯನ್ನೂ, ಬೆರಕೆಯಿಲ್ಲದ್ದಾದರೆ, ಅದರ ಪಕ್ಕದಲ್ಲಿ ಇಡೋಣ. ಕಾನಾ ಊರಿನ ಮದುವೆಯಲ್ಲಿ ಸೇವಕರು ಬಾನಿಗಳಿಗೆ ತುಂಬಿದ್ದು ಬರಿಯ ನೀರು, ಆದರೆ ಕಂಠದವರೆಗೆ ತುಂಬಿದರು. ಉಳಿದುದನ್ನು ಪ್ರಭು ನೋಡಿಕೊಂಡರು. ಸಂತ ಸೆವೆರಿನರ ಪ್ರಾರ್ಥನೆಯಿಂದ ನಮ್ಮ ಕುಟುಂಬಗಳಿಗೂ ಹೊಲಗದ್ದೆಗಳಿಗೂ ದೇವರ ಆಶೀರ್ವಾದ ದೊರೆಯಲಿ.